ಹಿತ್ತಾಳೆಯ ಕೊಳವೆ

ಪಾಲಿಟೆಕ್ನಿಕ್ಕಿನಲ್ಲಿ ಮೂವತ್ತೊಂದು ವರ್ಷ ಮೈಕ್ರೋವೇವ್ ಲ್ಯಾಬ್ ತೆಗೆದುಕೊಂಡವಳು ನಾನು. ಪ್ರತಿ ವರ್ಷವೂ ಮೊದಲ ದಿನ ಮಕ್ಕಳ ಕೈಗೆ ಒಂದು ಹಿತ್ತಾಳೆಯ ಕೊಳವೆ ಕೊಡುತ್ತಿದ್ದೆ. ಒಳಗಿನ ಅಗಲ 22.86 ಮಿಲಿಮೀಟರ್, ಎತ್ತರ 10.16. ಒಳಗೆ ತಂತಿಯಿಲ್ಲ, ಬರೀ ಗಾಳಿ. ತಿರುಗಿಸಿ ಮುರುಗಿಸಿ ನೋಡಿ, "ಇದರಲ್ಲಿ ಏನು ಹರಿಯತ್ತೆ ಮೇಡಂ?" ಅನ್ನುತ್ತಿದ್ದರು. ಉತ್ತರ ಹೇಳುವುದಕ್ಕೆ ಮುಂಚೆ ರಾಜೇಶ್ವರಿ ಚಟರ್ಜಿಯವರ ವಿಷಯ ಹೇಳುತ್ತಿದ್ದೆ. ಅವರನ್ನು ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಅನ್ನುತ್ತಾರೆ. ಅವರ ಕಥೆ ಹೇಳಬೇಕಾದರೆ ಅವರ ಅಜ್ಜಿಯಿಂದಲೇ ಶುರುಮಾಡಬೇಕು.

ಅಜ್ಜಿ ಕಮಲಮ್ಮ ದಾಸಪ್ಪ ಹಳೆಯ ಮೈಸೂರು ಸಂಸ್ಥಾನದ ಮೊಟ್ಟಮೊದಲ ಪದವೀಧರೆಯರಲ್ಲಿ ಒಬ್ಬರು. ಗಂಡ ಸತ್ತವರು, ಗಂಡ ಬಿಟ್ಟವರು ತಮ್ಮ ಕಾಲ ಮೇಲೆ ನಿಲ್ಲಬೇಕು ಅನ್ನುವುದು ಅವರ ಹಟ. ಬೆಂಗಳೂರಿನ ಮಹಿಳಾ ಸೇವಾ ಸಮಾಜದಲ್ಲಿ ಅವರು ವಿಶೇಷ ಇಂಗ್ಲಿಷ್ ತರಗತಿ ತೆರೆದರು. ಓದು ನಿಂತುಹೋದ ಹೆಣ್ಣುಮಕ್ಕಳು ಒಂದನೇ ಕ್ಲಾಸಿನಿಂದ ಮತ್ತೆ ಏಗಬೇಕಾಗಿರಲಿಲ್ಲ. ಬೇಗನೇ ಎಸ್ಸೆಸ್ಸೆಲ್ಸಿಗೆ ಕೂರಬಹುದಿತ್ತು. ಆ ಕಾಲದಲ್ಲಿ ಆ ಒಂದು ಸರ್ಟಿಫಿಕೇಟ್ ಇದ್ದರೆ ಟೀಚರ್ ಕೆಲಸ. ಕೆಲಸವಿದ್ದರೆ ಅಣ್ಣನ ಮನೆಯ ಅಡುಗೆಮನೆಯಲ್ಲಿ ಜೀವ ಸವೆಸುವುದು ತಪ್ಪುತ್ತಿತ್ತು. ಇದನ್ನು ಸಮಾಜಸೇವೆ ಎಂದು ಕರೆದು ಮುಂದೆ ಹೋಗುವುದು ನನಗೆ ಸರಿಕಾಣುವುದಿಲ್ಲ. ಒಬ್ಬಳ ಕೈಗೆ ಅವಳದೇ ದುಡ್ಡು ಬರುವ ದಾರಿ ಹೇಗೆ ಅನ್ನುವ ಲೆಕ್ಕ ಹಾಕಿದವರು ಅವರು.

ನನಗೆ ಇದು ನಾಟುವುದಕ್ಕೆ ಕಾರಣವಿದೆ. ನನ್ನ ಸೋದರತ್ತೆ ಹದಿನೇಳಕ್ಕೆ ವಿಧವೆಯಾಗಿ ತಿಪಟೂರು ಕಡೆಯ ನಮ್ಮ ಹಳ್ಳಿಗೆ ವಾಪಸು ಬಂದಳು. ರಾಜೇಶ್ವರಿಯವರಿಗಿಂತ ಮೂರೇ ವರ್ಷ ದೊಡ್ಡವಳು. ಅಕ್ಷರ ಬರುತ್ತಿರಲಿಲ್ಲ, ಕ್ಯಾಲೆಂಡರ್ ನೋಡಿ ನೋಡಿ ಅಂಕಿ ಕಲಿತಿದ್ದಳು. ಅಡುಗೆಮನೆಯ ಗೋಡೆಯ ಮೇಲೆ ಇದ್ದಿಲಲ್ಲಿ ಗೆರೆ ಎಳೆದು ತಿಂಗಳ ಹಾಲಿನ ಲೆಕ್ಕವನ್ನು ಕಾಸು ತಪ್ಪದೆ ಹೇಳುತ್ತಿದ್ದಳು. ಬೆಂಗಳೂರಿನಲ್ಲಿ ಅಂಥದ್ದೊಂದು ತರಗತಿಯಿದೆ ಎಂದು ಅವಳಿಗೆ ಹೇಳುವವರು ಯಾರೂ ಇರಲಿಲ್ಲ.

ರಾಜೇಶ್ವರಿ 1922ರಲ್ಲಿ ಹುಟ್ಟಿದರು. ಅಜ್ಜಿಯ ಶಾಲೆಯಲ್ಲೇ ಅಕ್ಷರ ಕಲಿತರು. ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿ ಎಂ.ಎಸ್ಸಿ. ಮಾಡಿ ಮೈಸೂರು ವಿಶ್ವವಿದ್ಯಾನಿಲಯಕ್ಕೆ ಮೊದಲಿಗರಾದರು. ಆಮೇಲೆ ಕಣ್ಣು ಬಿದ್ದದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ, ಅಂದರೆ ಜನ ಕರೆಯುವ ಟಾಟಾ ಇನ್‌ಸ್ಟಿಟ್ಯೂಟಿನ ಮೇಲೆ. ಅಲ್ಲಿಯ ಗಾಳಿ ಹೆಂಗಸರಿಗೆ ಸಲೀಸಾಗಿರಲಿಲ್ಲ. 1933ರಲ್ಲಿ ಬೊಂಬಾಯಿಯಿಂದ ಸಂಶೋಧನೆಗೆಂದು ಬಂದ ಕಮಲಾ ಸೋಹೋನಿಯವರನ್ನು ಅಲ್ಲಿ ನಿರ್ದೇಶಕರಾಗಿದ್ದ ಸಿ. ವಿ. ರಾಮನ್ ಮೊದಲು ಬೇಡವೆಂದು, ಆಮೇಲೆ ಒಂದು ವರ್ಷ ನೋಡೋಣ ಎಂಬ ಷರತ್ತಿನ ಮೇಲೆ ಸೇರಿಸಿಕೊಂಡಿದ್ದರು. ಹತ್ತು ವರ್ಷದ ಮೇಲೆ ರಾಜೇಶ್ವರಿಯವರೂ ರಾಮನ್ ಅವರಲ್ಲಿಗೇ ಹೋದರು. ಭೌತಶಾಸ್ತ್ರದ ಪದವಿಯಿಲ್ಲ ಎಂದು ಬಾಗಿಲು ಮುಚ್ಚಿತು. ಅವರು ಅಲ್ಲೇ ಇನ್ನೊಂದು ಬಾಗಿಲು ತಟ್ಟಿ, 1943ರಲ್ಲಿ ಎಲೆಕ್ಟ್ರಿಕಲ್ ಟೆಕ್ನಾಲಜಿ ವಿಭಾಗಕ್ಕೆ ಸಂಶೋಧನೆಗೆ ಸೇರಿದರು.

ಸ್ಕಾಲರ್‌ಶಿಪ್ ಸಿಕ್ಕಿ, 1947ರಲ್ಲಿ, ಸ್ವಾತಂತ್ರ್ಯಕ್ಕೆ ಇನ್ನೊಂದು ತಿಂಗಳಿದ್ದಾಗ ಅಮೆರಿಕಕ್ಕೆ ಹೊರಟರು. ಮಿಷಿಗನ್ ವಿಶ್ವವಿದ್ಯಾನಿಲಯದಲ್ಲಿ ಪಿಎಚ್.ಡಿ. ಮುಗಿಸಿ 1953ರಲ್ಲಿ ವಾಪಸಾದರು.  ಬಂದು ಟಾಟಾ ಇನ್‌ಸ್ಟಿಟ್ಯೂಟಿನ ಎಲೆಕ್ಟ್ರಿಕಲ್ ಕಮ್ಯುನಿಕೇಷನ್ ವಿಭಾಗದಲ್ಲಿ ಪಾಠಕ್ಕೆ ನಿಂತರು. ಅದೇ ವಿಭಾಗದ ಶಿಶಿರ್ ಕುಮಾರ್ ಚಟರ್ಜಿಯವರನ್ನು ಮದುವೆಯಾದರು. ಇಬ್ಬರೂ ಸೇರಿ ಮೈಕ್ರೋವೇವ್ ಸಂಶೋಧನೆಗೆ ಪ್ರಯೋಗಾಲಯ ಕಟ್ಟಿದರು, ಆಂಟೆನಾಗಳ ಮೇಲೆ ಕೆಲಸ ಮಾಡಿದರು. ರಾಜೇಶ್ವರಿ ಆ ವಿಭಾಗದ ಮುಖ್ಯಸ್ಥರೂ ಆದರು. ಅವರ ಕೈಕೆಳಗೆ ಇಪ್ಪತ್ತು ಜನ ಪಿಎಚ್.ಡಿ. ಮಾಡಿದರು. 1982ರಲ್ಲಿ ನಿವೃತ್ತರಾದ ಮೇಲೆ ಮಹಿಳಾ ಅಧ್ಯಯನದ ಸಂಘಟನೆಯಲ್ಲಿ ದುಡಿದರು. ಅಜ್ಜಿ ಬಿಟ್ಟ ಕಡೆಯಿಂದ ಮೊಮ್ಮಗಳು ಎತ್ತಿಕೊಂಡ ಹಾಗೆ ನನಗೆ ಕಾಣುತ್ತದೆ. 2010ರಲ್ಲಿ ತೀರಿಕೊಂಡರು.

ನಾನು ಡಿಗ್ರಿ ಮುಗಿಸಿ ಬೆಂಗಳೂರಿನ ಒಂದು ಕಾರ್ಖಾನೆಯ ಇಂಟರ್‌ವ್ಯೂಗೆ ಹೋದಾಗ, "ಆಂಟೆನಾ ಕಂಬ ಹತ್ತುತ್ತೀಯೇನಮ್ಮ?" ಎಂದು ಕೇಳಿ ಕಳಿಸಿಬಿಟ್ಟರು. ನನ್ನ ಜೊತೆ ಬಂದಿದ್ದ ಹುಡುಗರಲ್ಲಿ ಒಬ್ಬರನ್ನೂ ಆ ಪ್ರಶ್ನೆ ಕೇಳಿರಲಿಲ್ಲ. ಬಸ್ಸಿನಲ್ಲಿ ಅಳುತ್ತಾ ಬಂದೆ. ಅದೇ ಊರಿನ ಇನ್‌ಸ್ಟಿಟ್ಯೂಟಿನಲ್ಲಿ ಆ ಹೊತ್ತಿಗೆ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಒಬ್ಬ ಹೆಂಗಸು ಆಂಟೆನಾ ಪಾಠ ಮಾಡುತ್ತಿದ್ದರು. ಅದನ್ನು ಆ ಕಾರ್ಖಾನೆಯವರಿಗೆ ತಿರುಗಿಸಿ ಹೇಳಬೇಕೆಂದು ನನಗೆ ಹೊಳೆಯಲೇ ಇಲ್ಲ.

1979ರಲ್ಲಿ, ನಾನು ಕೆಲಸಕ್ಕೆ ಸೇರಿದ ಮೂರನೇ ವರ್ಷ, ಅತ್ತೆ ನಮ್ಮ ಮನೆಗೆ ಬಂದಿದ್ದಳು. ಒಂದು ಶನಿವಾರ ಮಧ್ಯಾಹ್ನ ಲ್ಯಾಬಿಗೆ ಕರೆದುಕೊಂಡು ಹೋದೆ. ಕೊಳವೆಗೆ ಕಣ್ಣಿಟ್ಟು, "ಟೊಳ್ಳಲ್ವೇನೇ ಇದು?" ಅಂದಳು.

"ಟೊಳ್ಳಿನಲ್ಲೇ ಅತ್ತೆ ಅಲೆ ಹೋಗೋದು."

ಸ್ಲಾಟೆಡ್ ಲೈನಿನ ಮುಂದೆ ಸ್ಟೂಲ್ ಹಾಕಿ ಕೂರಿಸಿದೆ. ಕೊಳವೆಯ ನೆತ್ತಿಯಲ್ಲಿ ಉದ್ದಕ್ಕೆ ಒಂದು ಸೀಳು. ಅದರೊಳಗೆ ಇಳಿಬಿಟ್ಟ ಮುಳ್ಳನ್ನು ಜಾರಿಸುತ್ತಾ ಹೋದರೆ ಮೀಟರಿನ ಸೂಜಿ ಏರುತ್ತದೆ, ಇಳಿಯುತ್ತದೆ. ನಾನು ಸೂಜಿ ನೋಡುತ್ತಾ ಮುಳ್ಳು ಜಾರಿಸಿದೆ. ಸೂಜಿ ತಳ ಮುಟ್ಟಿದಾಗ "ಈಗ" ಅಂದರೆ ಅತ್ತೆ ಪಕ್ಕದ ಅಳತೆಪಟ್ಟಿ ಓದಬೇಕು.

"ಆರೂವರೆ" ಅಂದಳು. ಮತ್ತೆ ಜಾರಿಸಿದೆ. "ಎಂಟೂಮುಕ್ಕಾಲು." ಮತ್ತೊಮ್ಮೆ. "ಹನ್ನೊಂದು."

ನಾನು ಪೆನ್ನು ಹುಡುಕುತ್ತಿದ್ದೆ. "ಎರಡೂಕಾಲು, ಎರಡೂಕಾಲು" ಅಂದಳು ಅತ್ತೆ, ಪಟ್ಟಿಯಿಂದ ಕಣ್ಣು ತೆಗೆಯದೆ. "ಸಮ ಸಮ ಹೆಜ್ಜೆ ಇಡ್ತಾ ಇದೆ ಕಣೇ."