ಮೈನಸ್ ನಲವತ್ತು ಡಿಗ್ರಿಯ ಮಲೆನಾಡು

ಆಗುಂಬೆ ಘಾಟಿಯ ಹದಿನಾಲ್ಕು ತಿರುವು ಹತ್ತಿ ಬಂದ ಕಾರಿನ ಕಂಪ್ಯೂಟರ್, ಎಂಜಿನ್ನಿನ ನೀರು ಮೈನಸ್ 40 ಡಿಗ್ರಿ ಇದೆ ಅಂದರೆ ನಂಬ್ತೀರಾ? ಮಲೆನಾಡಿನ ಮಳೆ ಎಷ್ಟೇ ಜೋರಿರಲಿ, ಸೈಬೀರಿಯಾ ಅಂತೂ ಆಗಿಲ್ಲ. ಈ ಸುಳ್ಳಿಗೊಂದು ಚರಿತ್ರೆ ಇದೆ.

1910ರ ದಶಕದಲ್ಲಿ ಅಮೆರಿಕದ ಕಾರುಗಳ ರೇಡಿಯೇಟರ್ ಮುಚ್ಚಳದ ಮೇಲೆ ಬಾಯ್ಸ್ ಮೋಟೋಮೀಟರ್ ಎಂಬ ಥರ್ಮಾಮೀಟರ್ ಬಂತು. ಕೂತಲ್ಲಿಂದಲೇ ಗಾಜಿನಾಚೆ ನೋಡಿ ಬಿಸಿ ತಿಳಿಯಬಹುದಿತ್ತು. ನಮ್ಮ ಎಡೇಹಳ್ಳಿ, ಯುವರಾಜರ ನೆನಪಿಗೆ ನರಸಿಂಹರಾಜಪುರ ಆದದ್ದೂ ಅದೇ ಕಾಲದಲ್ಲಿ, 1915ರಲ್ಲಿ. ಆಮೇಲೆ ಮೀಟರು ಮುಚ್ಚಳದಿಂದ ಇಳಿದು ಡ್ಯಾಶ್‌ಬೋರ್ಡಿಗೆ ಬಂತು.

ಆದರೂ ಘಾಟಿಯ ಡ್ರೈವರ್‌ಗಳು ಮುಳ್ಳೊಂದನ್ನೇ ನಂಬಿದವರಲ್ಲ. ಎಂಜಿನ್ ದನಿ ಬದಲಾಯಿತಾ, ಬಿಸಿ ನೀರಿನ ವಾಸನೆ ಬಂತಾ ಅಂತ ನೋಡುತ್ತಿದ್ದರು. ಕೊಪ್ಪದಲ್ಲಿ ಈ ಎಚ್ಚರಕ್ಕೆ ಇನ್ನೊಂದು ಕಾರಣವೂ ಇತ್ತು. ಶಂಕರ್ ಕಂಪನಿ ನಿಂತಾಗ ಅದರ ಕಾರ್ಮಿಕರೇ ಸೇರಿ 1991ರಲ್ಲಿ ಸಹಕಾರ ಸಾರಿಗೆ ಕಟ್ಟಿದರು. ಬಸ್ಸು ಓಡಿಸುವವರೇ ಮಾಲೀಕರು! ಎಂಜಿನ್ ಕಾದು ಕೆಟ್ಟರೆ ನಷ್ಟ ಅವರದ್ದೇ. 2020ರ ಫೆಬ್ರವರಿಯಲ್ಲಿ ಆ ಬಸ್ಸುಗಳು ನಿಂತವು. ಅದೇ ಏಪ್ರಿಲ್ 1ಕ್ಕೆ ದೇಶಕ್ಕೆ ಬಿಎಸ್-6 ಬಂತು. ಎಂಜಿನ್ನಿನ ಯೋಗಕ್ಷೇಮ ಇನ್ನಷ್ಟು ಸೆನ್ಸರುಗಳ ಕೈಗೆ ಹೋಯಿತು.

ಈ ಬಿಸಿ ಅಳೆಯುವ ಸೆನ್ಸರಿನ ಮೂಲ ಕಾರಿಗಿಂತಲೂ ಹಳೆಯದು. 1833ರಲ್ಲಿ ಮೈಕೆಲ್ ಫ್ಯಾರಡೆ ಸಿಲ್ವರ್ ಸಲ್ಫೈಡಿನ ವಿಚಿತ್ರ ಗುಣವೊಂದನ್ನು ಕಂಡ. ಲೋಹ ಬಿಸಿಯಾದರೆ ಕರೆಂಟಿಗೆ ಅಡ್ಡಿ ಹೆಚ್ಚುತ್ತದೆ, ಇದರಲ್ಲಿ ಕಡಿಮೆಯಾಗುತ್ತದೆ. ಇವತ್ತಿನ ಎಂಜಿನ್ ಸೆನ್ಸರಿನೊಳಗಿನ ಥರ್ಮಿಸ್ಟರ್ ಕೆಲಸ ಮಾಡುವುದೂ ಹೀಗೆಯೇ. ತಣ್ಣಗಿದ್ದಾಗ ಸುಮಾರು ಎರಡೂವರೆ ಸಾವಿರ ಓಮ್, ಪೂರ್ತಿ ಕಾದಾಗ ಇನ್ನೂರು ಮುನ್ನೂರು. ಸೆನ್ಸರ್ ಒಳಗೇ ಕಡಿದುಹೋದರೆ? ಅಡ್ಡಿ ಅನಂತ. ಕಂಪ್ಯೂಟರ್ ಅದನ್ನು ವಿಪರೀತ ಚಳಿ ಅಂತ ಓದುತ್ತದೆ. ಸ್ಕ್ಯಾನರ್‌ಗೆ ತಾಪಮಾನ ಹೋಗುವುದು ಒಂದೇ ಬೈಟಿನಲ್ಲಿ, ಬಂದ ಸಂಖ್ಯೆಯಿಂದ 40 ಕಳೆಯಬೇಕು. ಸೊನ್ನೆ ಬಂದರೆ ಮೈನಸ್ 40. ಕೋಡ್ ಬರೆಯುವವರಿಗೆ ಇದು ಹಳೇ ಪರಿಚಯ: ಅದು ಚಳಿಯಲ್ಲ, ಉತ್ತರವೇ ಇಲ್ಲ ಅಂತ ಅರ್ಥ.

ಕಳೆದ ಮಳೆಗಾಲ ನಮ್ಮೂರಿನ ಹಿರಿಯರೊಬ್ಬರ ಕಾರಿಗೆ ಇದೇ ಕಾಯಿಲೆ. ಫ್ಯಾನು ನಿಲ್ಲುತ್ತಿರಲಿಲ್ಲ, ಮೈಲೇಜು ಬಿದ್ದಿತ್ತು. ಒಂದು ಸರ್ವಿಸ್ ಸೆಂಟರಿನವರು "ಇಸಿಯುನೇ ಬದಲಾಯಿಸಬೇಕು" ಅಂದರಂತೆ. ಕೊಪ್ಪದ ಮೆಕ್ಯಾನಿಕ್ ಒಬ್ಬರು ಬೆಳಗ್ಗೆ ಎಂಜಿನ್ ತಣ್ಣಗಿರುವಾಗಲೇ ಕಾರು ತರಿಸಿದರು. ಎಂಜಿನ್ ಸ್ಟಾರ್ಟ್ ಮಾಡದೆ ಸ್ಕ್ಯಾನರ್ ಹಾಕಿದರು. ಒಳಗೆ ಹೋಗುವ ಗಾಳಿಯ ಸೆನ್ಸರ್ 22 ಡಿಗ್ರಿ ಅಂತು, ನೀರಿನದ್ದು ಮೈನಸ್ 40. ರಾತ್ರಿಯಿಡೀ ನಿಂತ ಕಾರಿನಲ್ಲಿ ಎರಡೂ ಹೆಚ್ಚುಕಮ್ಮಿ ಒಂದೇ ಇರಬೇಕಲ್ಲ? ಕನೆಕ್ಟರ್ ಕಳಚಿ ಅದರ ಎರಡು ಪಿನ್ನುಗಳನ್ನು ಚೂರು ವೈರಿನಿಂದ ಸೇರಿಸಿದರು. ಅಂಕಿ 120 ದಾಟಿ ಹಾರಿತು. "ವೈರಿಂಗ್ ಸರಿ ಇದೆ ಮಾರಾಯ್ರೇ, ಇಸಿಯು ಕೂಡ ಸರಿ ಇದೆ." ಮಲ್ಟಿಮೀಟರ್ ಹಿಡಿದರೆ ಸೆನ್ಸರಿನಲ್ಲಿ ಜೀವವೇ ಇಲ್ಲ. ಹೆಬ್ಬೆರಳಿನಷ್ಟು ಸೆನ್ಸರ್ ಬದಲಾಯಿಸಿದರು, ಮುಗೀತು.

ದುಡ್ಡು ಉಳಿದದ್ದು ಸಣ್ಣ ಮಾತು. ಸತ್ತ ಸೆನ್ಸರಿನ ಕಾರಿನಲ್ಲಿ ಘಾಟಿ ಹತ್ತುವಾಗ ನೀರು ನಿಜವಾಗಿ ಕುದ್ದರೂ ಡ್ಯಾಶ್‌ಬೋರ್ಡ್ ತೆಪ್ಪಗಿರಬಹುದು. ಹೆಡ್ ಗ್ಯಾಸ್ಕೆಟ್ ಸುಟ್ಟಮೇಲೆ ಗೊತ್ತಾಗಿ ಏನು ಪ್ರಯೋಜನ? ಆ ಮೆಕ್ಯಾನಿಕ್ ಮಾಡಿದ್ದು ಹಳೇ ಬಸ್ ಡ್ರೈವರ್‌ಗಳ ಕೆಲಸವನ್ನೇ: ಒಂದು ಸಾಕ್ಷಿ ಹೇಳಿದ್ದನ್ನು ಇನ್ನೊಂದು ಸಾಕ್ಷಿಯ ಹತ್ತಿರ ಕೇಳುವುದು. ಸ್ಕ್ಯಾನರನ್ನು ಯಾರು ಬೇಕಾದರೂ ಕೊಳ್ಳಬಹುದು. ಈ ಅಭ್ಯಾಸ ಕಲಿಸುವ ಗ್ಯಾರೇಜುಗಳು ಕೊಪ್ಪ, ಶೃಂಗೇರಿ, ಎನ್.ಆರ್. ಪುರಗಳಲ್ಲಿ ಉಳಿಯಬೇಕಾದರೆ, ಊರಿಗೆ ಹೋದಾಗ ನಮ್ಮ ಕಾರುಗಳೂ ಅವುಗಳ ಬಾಗಿಲಲ್ಲಿ ನಿಲ್ಲಬೇಕು.