ಓಬವ್ವನ ಕಿಂಡಿಯೂ ಬೆಳ್ಳಿಯ ತೆರೆಯೂ



ಬೆಂಗಳೂರಿನಿಂದ ಶಿರಾ ಮಾರ್ಗವಾಗಿ ಹಿರಿಯೂರಿಗೆ ತಾವು ಎಂದಾದರೂ ಪಯಣ ಮಾಡಿದ್ದರೆ, ಹೆದ್ದಾರಿಯ ಬದಿಯಲ್ಲಿರುವ ನಮ್ಮ ಜವನಗೊಂಡನಹಳ್ಳಿಯನ್ನು ಕಂಡೇ ಇರುತ್ತೀರಿ. ಇಲ್ಲಿ ಚಹಕ್ಕೆಂದು ಇಳಿಯುವ ಪ್ರವಾಸಿಗರಲ್ಲಿ ಹಲವರು ಕೇಳುವ ಪ್ರಶ್ನೆ ಒಂದೇ: "ಓಬವ್ವನ ಕಿಂಡಿಗೆ ಇನ್ನೆಷ್ಟು ದೂರ?" ಏಳು ಸುತ್ತಿನ ಕೋಟೆ ಎಷ್ಟು ದೂರವೆಂದು ಕೇಳುವವರು ಕಡಿಮೆ. ಒಂದು ಕಿರಿದಾದ ಕಿಂಡಿ ಅಷ್ಟು ದೊಡ್ಡ ದುರ್ಗವನ್ನು ಮರೆಮಾಡಿದ್ದು ಹೇಗೆ? ಇದನ್ನು ಸ್ವಲ್ಪ ವಿಚಾರಿಸೋಣ.

ಹೈದರಾಲಿಯ ಮುತ್ತಿಗೆಯ ಕಾಲದಲ್ಲಿ, ಕಾವಲುಗಾರನಾದ ಗಂಡ ಊಟಕ್ಕೆ ಕುಳಿತಿರಲು, ನೀರಿಗೆ ಹೋದ ಓಬವ್ವ ಕಿಂಡಿಯಲ್ಲಿ ನುಸುಳುತ್ತಿದ್ದ ಶತ್ರುಗಳನ್ನು ಒನಕೆಯಿಂದ ಸದೆಬಡಿದಳೆಂಬುದು ದುರ್ಗದ ಜನ ತಲೆಮಾರುಗಳಿಂದ ಹೇಳಿಕೊಂಡು ಬಂದ ಕಥೆ. ಅವಳು ಆಘಾತದಿಂದ ಪ್ರಾಣಬಿಟ್ಟಳೆನ್ನುವವರು ಉಂಟು. ವೈರಿಯ ಕತ್ತಿಗೆ ಬಲಿಯಾದಳೆನ್ನುವವರೂ ಉಂಟು. ಬಾಯಿಂದ ಬಾಯಿಗೆ ಬಂದ ಕಥೆಗೆ ಇಂತಹ ಕವಲುಗಳು ಸಹಜ. 1779ರಲ್ಲಿ ದುರ್ಗ ಹೈದರನ ವಶವಾಯಿತು. ಮದಕರಿನಾಯಕ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಹೋದ. ಕಥೆ ಮಾತ್ರ ಊರಿನಲ್ಲಿಯೇ ಉಳಿಯಿತು.

ಅದನ್ನು ನಾಡಿನ ಮನೆಮನೆಗೂ ಮುಟ್ಟಿಸಿದ್ದು ಚಲನಚಿತ್ರ. ತಳುಕಿನ ಮನೆತನದ ತ.ರಾ. ಸುಬ್ಬರಾಯರ ಮೂರು ಕಾದಂಬರಿಗಳನ್ನು ಆಧರಿಸಿ ಪುಟ್ಟಣ್ಣ ಕಣಗಾಲರು 1972ರಲ್ಲಿ 'ನಾಗರಹಾವು' ಚಿತ್ರವನ್ನು ತೆರೆಗೆ ತಂದರು. ರಾಮಾಚಾರಿಯಾಗಿ ವಿಷ್ಣುವರ್ಧನರೂ, ಚಾಮಯ್ಯ ಮೇಷ್ಟರಾಗಿ ಅಶ್ವತ್ಥರೂ, ಹಾಡೊಂದರಲ್ಲಿ ಮಾತ್ರ ಓಬವ್ವನಾಗಿ ಜಯಂತಿಯವರೂ ಕಾಣಿಸಿಕೊಂಡರು. ವಿಜಯಭಾಸ್ಕರರ ಸಂಗೀತದ ಆ ಹಾಡು ರೇಡಿಯೋದಲ್ಲಿ ಬಂದಾಗ ಅಡಿಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಹೊರಗೆ ಬರುತ್ತಿದ್ದ ತಾಯಂದಿರನ್ನು ನಾನು ಬಲ್ಲೆ. ಬಾಲ್ಯದಲ್ಲಿ ಡೇರೆಯ ಟಾಕೀಸಿನಲ್ಲಿ ಆ ಚಿತ್ರವನ್ನು ನೋಡಿದ ನಮಗೆ, ನಮ್ಮ ಜಿಲ್ಲೆಯ ಬಂಡೆಗಳಿಗೂ ಮರ್ಯಾದೆ ಬಂದಿತೆಂಬ ಹಿಗ್ಗು ಅಷ್ಟಿಷ್ಟಲ್ಲ.

ಈ ಹಿಗ್ಗಿಗೆ ಕಾರಣವುಂಟು. ಹೋಲಿಕೆಗೆ ರಾಮನಗರವನ್ನು ನೋಡಿರಿ. 1975ರ 'ಶೋಲೆ' ಚಿತ್ರ ತಯಾರಾದುದು ಅಲ್ಲಿಯ ಬೆಟ್ಟಗಳ ನಡುವೆ. ಭಾರತವೆಲ್ಲ ಆ ಬಂಡೆಗಳನ್ನು ಕಂಡಿತು. ಆದರೆ ರಾಮಗಢವೆಂಬ ಹೆಸರಿನಿಂದ! 1984ರಲ್ಲಿ ಡೇವಿಡ್ ಲೀನರ 'ಎ ಪ್ಯಾಸೇಜ್ ಟು ಇಂಡಿಯಾ' ಚಿತ್ರಕ್ಕಾಗಿ ಸಾವನದುರ್ಗದ ಬಂಡೆ ಮರಾಬಾರ್ ಗುಹೆಗಳ ಬೆಟ್ಟವಾಯಿತು. ಚಿತ್ರೀಕರಣ ನಡೆದಷ್ಟು ದಿನ ಇಂತಹ ಕಡೆ ಕೆಲವರಿಗೆ ಕೂಲಿ ದೊರೆಯುತ್ತದೆ, ಅಂಗಡಿಗಳಿಗೆ ವ್ಯಾಪಾರವಾಗುತ್ತದೆ. ಊರಿನ ಕಥೆ ಮಾತ್ರ ಊರಿನಲ್ಲಿಯೇ ಕುಳಿತಿರುತ್ತದೆ. ಚಿತ್ರದುರ್ಗವಾದರೋ ತನ್ನ ಹೆಸರಿನಿಂದಲೇ, ತನ್ನ ಮಗಳೊಡನೆಯೇ ತೆರೆಗೆ ಬಂದಿತು. ಇಂದು ಚಿತ್ರದುರ್ಗದ ಕ್ರೀಡಾಂಗಣಕ್ಕೆ ಅವಳ ಹೆಸರಿದೆ. 2021ರಿಂದ ನವೆಂಬರ್ 11ರಂದು ಸರ್ಕಾರವೇ ಒನಕೆ ಓಬವ್ವ ಜಯಂತಿಯನ್ನು ಆಚರಿಸುತ್ತಿದೆ. ಅರಮನೆಗೆ ಸೇರದ ಒಬ್ಬ ಹೆಂಗಸಿಗೆ ಈ ಗೌರವ ಸಂದುದರಲ್ಲಿ ಆ ಹಾಡಿನ ಪಾಲು ಸಣ್ಣದಲ್ಲವೆಂದು ನನ್ನ ಎಣಿಕೆ.

ಆದರೆ ಲಾಭದೊಡನೆ ನಷ್ಟವನ್ನೂ ಲೆಕ್ಕ ಹಾಕಬೇಕಲ್ಲವೇ? ತಮ್ಮ ಕಾದಂಬರಿಗಳು ತೆರೆಯ ಮೇಲೆ ಬಂದ ಬಗೆ ತ.ರಾ.ಸು. ಅವರಿಗೆ ಪೂರ್ತಿಯಾಗಿ ಒಪ್ಪಿಗೆಯಾಗಲಿಲ್ಲವೆಂಬುದು ಪ್ರಸಿದ್ಧವಾದ ಸಂಗತಿ. ದುರ್ಗದ ಪತನವನ್ನು ಕುರಿತು ಅವರು ಬರೆದ 'ದುರ್ಗಾಸ್ತಮಾನ' 1982ರಲ್ಲಿ ಪ್ರಕಟವಾಯಿತು. ಅವರು ತೀರಿಕೊಂಡ ಮರುವರ್ಷ, 1985ರಲ್ಲಿ, ಅದಕ್ಕೆ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೂ ಬಂದಿತು. ಕಿಂಡಿಯನ್ನು ನೋಡಿ ಹಿಂದಿರುಗುವವರಲ್ಲಿ ಅದನ್ನು ಓದಿದವರೆಷ್ಟು ಮಂದಿ? ಕೋಟೆಯ ಸಮೀಪದ ಚಂದ್ರವಳ್ಳಿಯಲ್ಲಿ ಕದಂಬ ಮಯೂರಶರ್ಮನು ಕೆರೆ ಕಟ್ಟಿಸಿದುದನ್ನು ಹೇಳುವ ಶಾಸನವಿದೆ. ನಮ್ಮ ತಾಲ್ಲೂಕಿನ ಮಾರಿಕಣಿವೆಯಲ್ಲಿ ವೇದಾವತಿಗೆ 1907ರಲ್ಲಿ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರವಿದೆ. ಬರದ ಸೀಮೆಯ ಜನ ನೀರಿಗಾಗಿ ಪಟ್ಟ ಪಾಡು ಯಾವ ಶೌರ್ಯಕ್ಕೆ ಕಡಿಮೆ? ಅದಕ್ಕೆ ಯಾರೂ ಹಾಡು ಕಟ್ಟಿ ತೆರೆಗೆ ತರಲಿಲ್ಲ. ಆದ್ದರಿಂದ ಅದನ್ನು ಕೇಳುತ್ತ ಬರುವವರೂ ಇಲ್ಲ.

ನಮ್ಮ ತರಗತಿಯಲ್ಲಿ ನಡೆದುದನ್ನು ಹೇಳುತ್ತೇನೆ. ಓಬವ್ವನನ್ನು ಕುರಿತು ಪ್ರಬಂಧ ಬರೆಯಿರೆಂದಾಗ ಮಕ್ಕಳೆಲ್ಲ ಚಿತ್ರದಲ್ಲಿ ಕಂಡುದನ್ನೇ ಬರೆದರು. ಒಬ್ಬ ಹುಡುಗಿ ಮಾತ್ರ ಎದ್ದು, "ಸಾರ್, ಆ ಒನಕೆ ಎಷ್ಟು ಭಾರವಿತ್ತು?" ಎಂದಳು. ವಿಚಾರಿಸಲಾಗಿ, ಗಿರಣಿಯ ಕಾಲದ ಆ ಮಕ್ಕಳಲ್ಲಿ ಮುಕ್ಕಾಲು ಪಾಲು ಒನಕೆಯನ್ನು ಕೈಯಿಂದ ಮುಟ್ಟಿಯೇ ಇರಲಿಲ್ಲ! ಮರುದಿನ ಅವಳ ಅಜ್ಜಿಯ ಒನಕೆಯನ್ನು ತರಿಸಿದೆ. ಸರದಿಯಂತೆ ಎಲ್ಲರೂ ಎತ್ತಿ ನೋಡಿದರು. ಇಪ್ಪತ್ತು ಪೆಟ್ಟಿಗೆ ಗಟ್ಟಿ ಹುಡುಗರೇ ಏದುಸಿರು ಬಿಟ್ಟರು. ಆ ಮೇಲೆ ಬರೆದ ಪ್ರಬಂಧಗಳಲ್ಲಿ ನಟಿಯಿರಲಿಲ್ಲ. ದಿನವೂ ಕುಟ್ಟಿ ಬೀಸಿ ತೋಳು ಗಟ್ಟಿಯಾದ ಒಬ್ಬ ಹೆಂಗಸಿದ್ದಳು.

ಚಿತ್ರವನ್ನು ದೂಷಿಸುವುದು ನನ್ನ ಉದ್ದೇಶವಲ್ಲ. ನನ್ನನ್ನೂ "ಚಾಮಯ್ಯ ಮೇಷ್ಟ್ರು" ಎಂದು ಹಾಸ್ಯಮಾಡುವವರಿದ್ದಾರೆ; ನನಗದು ಸಂತೋಷವೇ. ನಮ್ಮ ಊರಿನ ಮುಖವನ್ನು ನಾಡಿಗೆ ತೋರಿಸುವುದು ಚಿತ್ರದ ಕೆಲಸ. ಆ ಮುಖದ ಹಿಂದಿನ ಬಾಳನ್ನು ಹೇಳುವುದು ಊರಿನವರ ಕೆಲಸ. ತಮ್ಮ ಮನೆಯಲ್ಲಿ ಕಥೆ ಬಲ್ಲ ಅಜ್ಜಿಯರಿದ್ದರೆ, ಇಂದು ಸಂಜೆ ರೇಡಿಯೋ ಕಾರ್ಯಕ್ರಮ ಮುಗಿದ ಮೇಲೆ ಮಕ್ಕಳನ್ನು ಅವರ ಬಳಿ ಕೂರಿಸಿರಿ.