ಕೂಲಿಮಠ

ಇಂಗ್ಲಿಷರ ಸರ್ಕಾರಿ ಶಾಲೆಗಳು ಬರುವ ಮೊದಲು ಕನ್ನಡ ನಾಡಿನ ಹಳ್ಳಿಗಳಲ್ಲಿದ್ದ ಏಕೋಪಾಧ್ಯಾಯ ಶಾಲೆ. ಮಕ್ಕಳ ಮನೆಯವರು ಕೊಡುವ ಕಾಳುಕಡಿ, ಪುಡಿಗಾಸೇ ಪಾಠ ಹೇಳುವ ಅಯ್ಯನವರ ಕೂಲಿ. ಹೆಸರು ಬಂದದ್ದು ಅದರಿಂದ. ಗದಗ, ಧಾರವಾಡದ ಕಡೆ ಗಾಂವಠಿ ಶಾಲೆ ಎಂದೂ ಕರೆಯುತ್ತಿದ್ದರು.

ಬೋಧನಕ್ರಮ: ಗದಗ ಕಡೆಯ ಮುಂಡರಗಿ ಸೀಮೆಯಿಂದ ತುಂಗಭದ್ರೆ ದಾಟಿದರೆ ಅಂದಿನ ಬಳ್ಳಾರಿ ಜಿಲ್ಲೆ. ಅಲ್ಲಿನ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರಲ್ಲಿ ಬರೆದ ವರದಿಯಲ್ಲಿ ಈ ಶಾಲೆಗಳ ಚಿತ್ರ ಕಣ್ಣಿಗೆ ಕಟ್ಟುವಂತಿದೆ. ಐದನೆಯ ವರ್ಷಕ್ಕೆ ಅಕ್ಕಿಯ ಮೇಲೆ ಬೆರಳಿಡಿಸಿ ಗಣಪತಿಯ ಹೆಸರು ಬರೆಸುವರು. ಬೆಳಗಿನ ಆರಕ್ಕೆ ಶಾಲೆ. ಮೊದಲು ಬಂದ ಹುಡುಗನ ಅಂಗೈಯಲ್ಲಿ ಸರಸ್ವತಿಯ ಹೆಸರು, ಎರಡನೆಯವನಿಗೆ ಸೊನ್ನೆ, ಮೂರನೆಯವನಿಗೆ ಒಂದು ಮೆಲುಪೆಟ್ಟು, ನಾಲ್ಕನೆಯವನಿಗೆ ಎರಡು. ಮರಳಿನಲ್ಲಿ ಬೆರಳಿನಿಂದ ಅಕ್ಷರ ತಿದ್ದಿದ ಮೇಲೆ ಮಸಿ ಬಳಿದ ಹಲಗೆ. ಇಲ್ಲವೆ ಗಂಜಿ ಹಾಕಿ, ಇದ್ದಿಲು ಬಳಿದು, ಪುಸ್ತಕದಂತೆ ಮಡಚಿದ ಬಟ್ಟೆಯ ಕಡತ. ಮುಂದೆ ಹೋದ ಹುಡುಗರು ಚಿಕ್ಕವರಿಗೆ ಹೇಳಿಕೊಡುವರು. ಹೇಳಿಕೊಡುತ್ತ ತಮ್ಮ ಪಾಠವನ್ನೂ ಗಟ್ಟಿ ಮಾಡಿಕೊಳ್ಳುವರು.

ಕಡಲಾಚೆಗೆ: ಇಂಥದೇ ಪದ್ಧತಿ ಮದರಾಸಿನ ಸುತ್ತಲೂ ಇತ್ತು. ಅಲ್ಲಿನ ಎಗ್ಮೋರಿನ ಅನಾಥಾಲಯದ ಮೇಲ್ವಿಚಾರಕ ಆಂಡ್ರೂ ಬೆಲ್, ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಕಂಡು ತನ್ನ ಶಾಲೆಗೂ ತಂದ. ಮಕ್ಕಳಿಂದ ಮಕ್ಕಳಿಗೆ ಪಾಠ ಹೇಳಿಸಿದ. 1797ರಲ್ಲಿ ಲಂಡನ್ನಿನಲ್ಲಿ ಅದರ ವಿವರ ಅಚ್ಚಾಯಿತು. ‘ಮದರಾಸು ಪದ್ಧತಿ’ ಎಂದೇ ಹೆಸರಾಗಿ ಇಂಗ್ಲೆಂಡಿನ ಬಡಮಕ್ಕಳ ಶಾಲೆಗಳಲ್ಲಿ ಹಬ್ಬಿತು. ಇಂಗ್ಲೆಂಡು ಈ ಕ್ರಮವನ್ನು ಅನುಕರಿಸಿದ್ದು ಯೋಗ್ಯವೇ ಎಂದು ಕ್ಯಾಂಪ್‌ಬೆಲ್ ಕೂಡ ಬರೆದ.

ಮಿತಿ ಮತ್ತು ಇಳಿಗಾಲ: ಕ್ಯಾಂಪ್‌ಬೆಲ್ ವರದಿಯಂತೆ ಬಳ್ಳಾರಿ ಜಿಲ್ಲೆಯ 533 ಶಾಲೆಗಳಲ್ಲಿ 235 ಕನ್ನಡದವು. ಸುಮಾರು ಒಂಬತ್ತೂಕಾಲು ಲಕ್ಷ ಜನಸಂಖ್ಯೆಗೆ ಓದುತ್ತಿದ್ದವರು 6,641. ಅವರಲ್ಲಿ ಹುಡುಗಿಯರು ಬರೀ 60. ಬಾಯಿಪಾಠ ಮಾಡಿದ ಪದ್ಯಗಳ ಅರ್ಥ ಮಕ್ಕಳಿಗೆ ತಿಳಿಯುತ್ತಿರಲಿಲ್ಲ. ವಿಲಾಯಿತಿ ಬಟ್ಟೆಯಿಂದ ನೇಕಾರಿಕೆ ನೆಲಕಚ್ಚಿ, ಜನ ಬಡವಾಗಿ, ಶಾಲೆಗಳೂ ಸೊರಗುತ್ತಿವೆ ಎಂದು ಆ ವರದಿಯೇ ಹೇಳುತ್ತದೆ.

ಇಂದು: ಆಂಧ್ರದ ರಿಷಿ ವ್ಯಾಲಿಯ ಶಾಲೆಗಳ ಪ್ರಯೋಗದಿಂದ ಪ್ರೇರಣೆ ಪಡೆದು 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ‘ನಲಿಕಲಿ’ ಬೋಧನಕ್ರಮ ಮುಂದೆ ರಾಜ್ಯದ ಸರ್ಕಾರಿ ಕನ್ನಡ ಪ್ರಾಥಮಿಕ ಶಾಲೆಗಳಿಗೆಲ್ಲ ಬಂತು. ಅದರಲ್ಲಿ ಮಕ್ಕಳು ಕೂರುವ ಗುಂಪುಗಳಿಗೆ ‘ತಟ್ಟೆ’ ಎನ್ನುತ್ತಾರೆ. ಸಹಪಾಠಿಗಳ ನೆರವಿನಿಂದ ಕಲಿಯುವ ತಟ್ಟೆ ಅವುಗಳಲ್ಲೊಂದು. ಒಂದು ಮಗು ಇನ್ನೊಂದಕ್ಕೆ ಹೇಳಿಕೊಡುವ ಕೂಲಿಮಠದ ಬಗೆಯನ್ನು ಅದು ನೆನಪಿಸುತ್ತದೆ.